ದಾನಪತ್ರ ಬರೆದುಕೊಟ್ಟ ಮೇಲೆ ಬರುವ ಪತ್ರಗಳು

ಪ್ರಶ್ನೆ: ನನಗೆ 71 ವರ್ಷ. ಮೂರು ವರ್ಷದ ಹಿಂದೆ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಊಟ, ಔಷಧ ವಿಚಾರಿಸುವವರಿಲ್ಲ. ಮನೆ ವಾಪಸ್ ಪಡೆಯಬಹುದೇ?

ಉತ್ತರ: ಊರು, ವಯಸ್ಸು ಬದಲಾಗುತ್ತವೆ, ಪ್ರಶ್ನೆ ಮಾತ್ರ ಇದೇ. ಸಹಿ ಹಾಕುವ ಮೊದಲು ಒಬ್ಬರೂ ಬರೆಯುವುದಿಲ್ಲ!

ದಾನಪತ್ರ ತೆಗೆದು ಓದಿ. ‘ನನ್ನನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಇದೆಯೇ? ಇದ್ದು, ಮಗ ಅದನ್ನು ಪಾಲಿಸದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಅಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಿ; ದಾನ ಅಸಿಂಧುವಾಗಬಹುದು. ಪತ್ರ ಬರಹಗಾರರು ರೂಢಿಯಂತೆ ತುಂಬುವ ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾತನ್ನೇ ನೆಚ್ಚಿಕೊಳ್ಳಬೇಡಿ. ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ತಾಯಿಯೊಬ್ಬರಿಗೆ ಮನೆ ಮರಳಿಸಿದ 2025ರ ತೀರ್ಪನ್ನು ಮೊಬೈಲ್‌ನಲ್ಲಿ ಹಂಚುವವರು ಒಂದು ಸಂಗತಿ ಬಿಟ್ಟುಬಿಡುತ್ತಾರೆ: ಆ ಪ್ರಕರಣದಲ್ಲಿ ನೋಡಿಕೊಳ್ಳುವ ಮಾತು ದಾಖಲೆಯಲ್ಲೇ ಇತ್ತು.

ಷರತ್ತು ಇಲ್ಲದಿದ್ದರೆ ದಾರಿ ಕಿರಿದು. ಆದರೂ ಅದೇ ನ್ಯಾಯಮಂಡಳಿಯಲ್ಲಿ ಜೀವನಾಂಶ ಕೇಳುವ ಹಕ್ಕು ಉಳಿದೇ ಇರುತ್ತದೆ. ಕಾಯ್ದೆಯಲ್ಲಿರುವ ಮಿತಿ ತಿಂಗಳಿಗೆ ₹10,000.

ನೋಂದಣಿ ಕಚೇರಿಯ ಎದುರು ಕುಳಿತ ಮಧ್ಯವರ್ತಿ ‘ನೀವೊಬ್ಬರೇ ಬಂದು ರದ್ದತಿ ಪತ್ರ ನೋಂದಾಯಿಸಿದರೆ ಸಾಕು’ ಎಂದರೆ ಬಿಡಿಗಾಸನ್ನೂ ಕೊಡಬೇಡಿ. ಮಗ ಸ್ವೀಕರಿಸಿದ ದಾನ ನಿಮ್ಮೊಬ್ಬರ ಸಹಿಯಿಂದ ಬಿದ್ದುಹೋಗುವುದಿಲ್ಲ. ಇಂಥ ಪತ್ರ ಹಿಡಿದು ಬಂದವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಇನ್ನೂ ಸಹಿ ಹಾಕದವರಿಗೆ: ಇರುವ ಒಂದೇ ಮನೆಯನ್ನು ಬದುಕಿರುವಾಗ ಬರೆದುಕೊಡಲೇಬೇಡಿ, ಉಯಿಲು ಮಾಡಿ. ಮನಸ್ಸು ಬದಲಾದರೆ ಅದನ್ನು ಬದಲಿಸಬಹುದು. ಕೊಟ್ಟೇ ತೀರುತ್ತೇವೆ ಎನ್ನುವವರು ಜೀವಿತಾವಧಿಯ ವಾಸದ ಹಕ್ಕು ಉಳಿಸಿಕೊಂಡು, ಪೋಷಣೆಯ ಷರತ್ತನ್ನು ಬರೆಸಿ. ‘ಮಗ ಏನೆಂದುಕೊಳ್ಳುತ್ತಾನೋ’ ಎಂಬ ಸಂಕೋಚವೇ? ಒಳ್ಳೆಯ ಮಗನಾದರೆ ಏನೂ ಅಂದುಕೊಳ್ಳುವುದಿಲ್ಲ. ಅಂದುಕೊಂಡರೆ ಪತ್ರವನ್ನೇ ಬರೆಯಬೇಡಿ.

ಪ್ರಶ್ನೆ: ಮದುವೆಯಾಗಿ ಹೋದ ಮಗಳಿಗೂ ಹೊಣೆ ಇದೆಯೇ?

ಉತ್ತರ: ಇದೆ. ‘ಕೊಟ್ಟ ಹೆಣ್ಣು’ ಎಂಬ ವಿನಾಯಿತಿ ಕಾಯ್ದೆಯಲ್ಲಿಲ್ಲ.

ಪ್ರಶ್ನೆ: ನೋಂದಣಿಯಾಗದ ಉಯಿಲು ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಬೇಕು. ನಾನಾದರೆ ನೋಂದಾಯಿಸುತ್ತೇನೆ.

ಪ್ರಶ್ನೆ: ಈ ಕಾಯ್ದೆ ಬಳಸಿ ಸೊಸೆಯನ್ನು ಮನೆಯಿಂದ ಹೊರಹಾಕಿಸಬಹುದೇ?

ಉತ್ತರ: ಮಗ–ಸೊಸೆಯ ಜಗಳಕ್ಕೆ ಇದನ್ನು ಕೊಡಲಿ ಮಾಡಿಕೊಳ್ಳಬೇಡಿ. ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೊಟ್ಟಿರುವ ವಾಸದ ಹಕ್ಕನ್ನು ಇದರಿಂದ ಅಳಿಸಲಾಗದೆಂದು 2020ರಲ್ಲಿ ಬೆಂಗಳೂರಿನದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.