ಚಾರಣಕ್ಕೆ ಹೋದವರ ಫೋನ್ ಹತ್ತದಿದ್ದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಗ ಗೆಳೆಯರ ಜೊತೆ ಭೀಮಗಡದ ಕಡೆ ಚಾರಣಕ್ಕೆ ಹೋಗುತ್ತಾನೆ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿರುತ್ತಾನೆ. ಜಾಂಬೋಟಿ ದಾಟಿದ ಮೇಲೆ ಚುಕ್ಕೆ ಒಂದೇ ಕಡೆ ನಿಲ್ಲುತ್ತದೆ, ಫೋನ್ ಹತ್ತುವುದಿಲ್ಲ. ಜೀವ ಹೌಹಾರುತ್ತದೆ. ಏನು ಮಾಡಬೇಕು?
– ತಾಯಿಯೊಬ್ಬರು, ಬಾಗಲಕೋಟೆ

ಚುಕ್ಕೆ ನಿಂತರೆ ಮಗ ನಿಂತಿದ್ದಾನೆ ಎಂದಲ್ಲ, ಡೇಟಾ ಅಲ್ಲಿಗೆ ಕಡಿದಿದೆ ಎಂದಷ್ಟೇ ಅರ್ಥ. ಲೈವ್ ಲೊಕೇಶನ್ ಹೆಚ್ಚೆಂದರೆ 8 ತಾಸು ನಡೆಯುತ್ತದೆ, ಅದೂ ಇಂಟರ್‌ನೆಟ್ ಇದ್ದರೆ. ಖಾನಾಪುರದ ದಟ್ಟ ಕಾಡಿನಲ್ಲಿ, ಕಣಿವೆಗಳಲ್ಲಿ ಅದನ್ನು ನಂಬಿ ಕೂಡಬೇಡಿ.

ನಂಬಬೇಕಾದದ್ದು ಹೊರಡುವ ಮೊದಲು ಮನೆಯಲ್ಲಿ ಬರೆದಿಟ್ಟ ಚೀಟಿಯನ್ನು. ಎಲ್ಲಿಂದ ಕಾಡು ಹೊಕ್ಕು ಎಲ್ಲಿ ಹೊರಬರುತ್ತಾರೆ, ಗಾಡಿ ನಂಬರ್, ಅದನ್ನು ನಿಲ್ಲಿಸುವ ಜಾಗ, ಜೊತೆಗಿರುವ ಎಲ್ಲರ ಮೊಬೈಲ್ ನಂಬರ್, ಯಾರಿಗೆ ಯಾವ ಔಷಧಿ ಬೇಕು, ಊಟ ಹೇಳಿಟ್ಟ ಮನೆಯವರ ನಂಬರ್, ಅರಣ್ಯ ಇಲಾಖೆಯ ಅನುಮತಿ ಪತ್ರದ ಫೋಟೊ. ಇವೆಲ್ಲಕ್ಕಿಂತ ಮುಖ್ಯವಾದವು ಎರಡು ಹೊತ್ತುಗಳು: ಸುದ್ದಿ ಬರಬೇಕಾದ ಹೊತ್ತು, ಗಾಬರಿಪಡಬೇಕಾದ ಹೊತ್ತು. ಸಂಜೆ 5ಕ್ಕೆ ಕಾಡಿನಿಂದ ಹೊರಬೀಳುವವರಾದರೆ ರಾತ್ರಿ 9ರವರೆಗೆ ಕಾಯಿರಿ. ದಾರಿ ತಪ್ಪುವುದು, ಹಳ್ಳ ತುಂಬುವುದು, ಯಾರದೋ ಕಾಲು ಉಳುಕುವುದು ಸಹಜ. 9 ದಾಟಿತೋ, ಮತ್ತೆ ಯೋಚಿಸದೆ 112ಕ್ಕೆ ಫೋನ್ ಮಾಡಿ ಚೀಟಿಯನ್ನು ಓದಿ ಹೇಳಿ. ಈ ಹೊತ್ತು ಮೊದಲೇ ಗೊತ್ತಾಗಿದ್ದರೆ ಮಧ್ಯಾಹ್ನವೆಲ್ಲ ನೀವು ನರಳಬೇಕಾಗಿಲ್ಲ.

ಮಗನಿಗೂ ಹೇಳಿ. ಸಿಗ್ನಲ್ ಹುಡುಕುತ್ತ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ, ಟವರ್ ದೂರವಾದಷ್ಟೂ ಫೋನ್ ಹೆಚ್ಚು ಶಕ್ತಿ ಸುರಿಯುತ್ತದೆ. ಫ್ಲೈಟ್ ಮೋಡ್‌ನಲ್ಲಿಟ್ಟು, ಗೊತ್ತುಮಾಡಿದ ಹೊತ್ತಿಗೆ ಎತ್ತರದ ಬಯಲಿನಲ್ಲಿ ನಿಂತು 10 ನಿಮಿಷ ತೆರೆದರೆ ಸಾಕು. ಫ್ಲೈಟ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ. ಡೇಟಾ ಇಲ್ಲದಾಗ ಜಾಗ ಹಿಡಿಯಲು ಕೆಲವು ನಿಮಿಷ ಬೇಕು, ಅಷ್ಟೇ. ನಕ್ಷೆಯನ್ನು ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಬೇಕು.

ಸಿಗ್ನಲ್ ಒಂದೇ ಗೆರೆ ಇದ್ದಾಗ ಮಾತು ಕಡಿದುಹೋಗುತ್ತದೆ, ಎಸ್ಸೆಮ್ಮೆಸ್ ದಾಟುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕನ್ನಡ ಲಿಪಿಯ ಒಂದು ಎಸ್ಸೆಮ್ಮೆಸ್‌ಗೆ 70 ಅಕ್ಷರಸ್ಥಾನ, ಇಂಗ್ಲಿಷ್ ಅಕ್ಷರಗಳಾದರೆ 160. ಕನ್ನಡದಲ್ಲಿ ಒತ್ತು, ಗುಣಿತಗಳೂ ಬೇರೆ ಸ್ಥಾನವಾಗಿ ಎಣಿಕೆಯಾಗುತ್ತವೆ. ಮಿತಿ ಮೀರಿದರೆ ಸಂದೇಶ ತುಂಡಾಗಿ, ಒಂದು ತುಂಡು ಹೋಗಿ ಇನ್ನೊಂದು ಉಳಿಯಬಹುದು. ಆದ್ದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಿ: ಎಲ್ಲಿ, ಎಷ್ಟು ಗಂಟೆ, ಎಷ್ಟು ಜನ, ಮುಂದೆ ಎಲ್ಲಿಗೆ. ಅಕ್ಷಾಂಶ, ರೇಖಾಂಶಗಳಲ್ಲಿ ದಶಮಾಂಶದ ಮುಂದೆ 4 ಅಂಕಿ ಇದ್ದರೆ ಸುಮಾರು 11 ಮೀಟರ್‌ವರೆಗಿನ ಜಾಗ ತಿಳಿಯುತ್ತದೆ.

10,000 ಎಂಎಎಚ್ ಪವರ್‌ಬ್ಯಾಂಕ್ 5,000ದ ಫೋನನ್ನು ಎರಡು ಸಲ ತುಂಬಬೇಕಲ್ಲ? ನನ್ನದು ತುಂಬುವುದಿಲ್ಲ.
– ಓದುಗರು, ಜಮಖಂಡಿ

ತುಂಬುವುದಿಲ್ಲ, ಅದು ದೋಷವೂ ಅಲ್ಲ. ಆ 10,000 ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ. ಅದನ್ನು 5 ವೋಲ್ಟ್‌ಗೆ ಏರಿಸುವಾಗ ಒಂದಿಷ್ಟು ಶಾಖವಾಗಿ ಸೋರಿಹೋಗುತ್ತದೆ. ಸುಮಾರು ಒಂದೂವರೆ ಸಲ ಎಂದು ಹಿಡಿಯಿರಿ.

ಲಡಾಖ್‌ಗೆ ಹೊರಟಿದ್ದೇನೆ. ಅಳಿಯ ವಿದೇಶದಿಂದ ಗಾರ್ಮಿನ್ ಇನ್‌ರೀಚ್ ತಂದುಕೊಡುತ್ತೇನೆ ಎನ್ನುತ್ತಾನೆ. ತರಿಸಲೇ?
– ಓದುಗರು, ವಿಜಯಪುರ

ಖಂಡಿತ ಬೇಡ. ಅದು ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶ ಕಳಿಸುವ ಸಾಧನ. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಇಂಥವನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಗೋವಾ ವಿಮಾನ ನಿಲ್ದಾಣದಲ್ಲೇ ವಿದೇಶಿ ಪ್ರವಾಸಿಗರು ಸಿಕ್ಕಿಬಿದ್ದದ್ದುಂಟು.

ಅದಕ್ಕಿಂತ ಮೊದಲು ನಿಮ್ಮ ಸಿಮ್ ನೋಡಿಕೊಳ್ಳಿ. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು–ಕಾಶ್ಮೀರ, ಲಡಾಖ್‌ಗಳಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಹೊರಡುವ ಹಿಂದಿನ ದಿನ ಅಂಗಡಿಗೆ ಓಡುವ ಬದಲು ಕೆಲವು ವಾರ ಮೊದಲೇ ಬದಲಿಸಿಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ರಾತ್ರಿ ಫೋನ್, ಪವರ್‌ಬ್ಯಾಂಕ್ ಎರಡೂ ಮಲಗುಚೀಲದೊಳಗೆ ಇರಲಿ.

ನೆಟ್‌ವರ್ಕ್ ಇಲ್ಲದಿದ್ದರೂ 112 ಹತ್ತುತ್ತದೆ ಎನ್ನುತ್ತಾರೆ. ನಿಜವೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಅರ್ಧ ನಿಜ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ 112 ಹೋಗಬಲ್ಲದು. ಯಾವ ಟವರೂ ಇಲ್ಲದಿದ್ದರೆ ಹೋಗದು. ಕಣಕುಂಬಿ, ಚೋರ್ಲಾ ಕಡೆ ಫೋನ್ ಗೋವಾದ ಟವರ್ ಹಿಡಿಯಬಹುದು. ಹಾಗಾಗಿ ಮಾತು ಆರಂಭಿಸುವಾಗಲೇ "ಕರ್ನಾಟಕ, ಬೆಳಗಾವಿ ಜಿಲ್ಲೆ, ಖಾನಾಪುರ ತಾಲ್ಲೂಕು" ಎಂದು ಹೇಳಿ, ಡೇಟಾ ರೋಮಿಂಗ್ ಆನ್ ಮಾಡಿಕೊಂಡಿರಿ.

ಏನೂ ಹತ್ತದಿದ್ದಾಗ ಸೀಟಿ. ನಿಮಿಷಕ್ಕೆ 6 ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ 6. ರಾತ್ರಿ ಟಾರ್ಚ್‌ನಿಂದಲೂ ಇದೇ ಲೆಕ್ಕ. ಕೇಳಿದವರು 3 ಸಲ ಊದಿ ಉತ್ತರಿಸುತ್ತಾರೆ. ಉತ್ತರ ಬಂದ ಮೇಲೂ ಊದುವುದನ್ನು ನಿಲ್ಲಿಸಬೇಡಿ, ಅವರು ನಿಮ್ಮನ್ನು ತಲುಪುವುದು ಆ ದನಿ ಹಿಡಿದೇ.