ಹುಬ್ಬಳ್ಳಿ-ಧಾರವಾಡದಲ್ಲಿ ಅಜ್ಜಿಯ ಹಳೇ ಫೋಟೋ ನೋಡಿ ಪೆನ್ಸಿಲ್ ಚಿತ್ರ ಬರೆಸುವುದು ಹೇಗೆ?

ಮೊದಲು ಫೋಟೋ ಸರಿ ಮಾಡಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಇದೆ.

ಹಳೇ ಫೋಟೋವನ್ನು ಗಾಜಿನ ಮೇಲಿಂದ ಮೊಬೈಲ್‌ನಲ್ಲಿ ತೆಗೆಯಬೇಡಿ, ಬೆಳಕು ಹೊಳೆದು ಕಣ್ಣೇ ಕಾಣುವುದಿಲ್ಲ. ಫ್ರೇಮ್‌ನಿಂದ ಹುಷಾರಾಗಿ ಬಿಡಿಸಿ ಸ್ಕ್ಯಾನ್ ಮಾಡಿಸಿ. ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ, ಹರಿದು ಹೋಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಸುಕ್ಕುಗಳು ಅಳಿಸಿದ ಹಾಗಾಗುತ್ತವೆ. ಅಜ್ಜಿಯ ಮುಖದಲ್ಲಿ ಸುಕ್ಕೇ ಇಲ್ಲದಿದ್ದರೆ ಅದು ಅಜ್ಜಿ ಅನ್ನಿಸುತ್ತದಾ?

ಒಂದೇ ಫೋಟೋ ಸಾಲದು. ಬೇರೆ ವಯಸ್ಸಿನವು ಇದ್ದರೂ ಜೊತೆಗೆ ಕೊಡಿ. ಮೂಗುತಿ ಯಾವ ಕಡೆ, ಕುಂಕುಮ ಎಷ್ಟು ದೊಡ್ಡದು, ಇಳಕಲ್ ಸೀರೆಯ ಸೆರಗು ತಲೆ ಮೇಲೆ ಎಲ್ಲಿಯವರೆಗೆ, ಇದನ್ನೆಲ್ಲ ಬರೆದು ಕೊಡಿ. ಕಲಾವಿದರಿಗೆ ಅದು ಗೊತ್ತಾಗುವುದು ನಿಮ್ಮಿಂದಲೇ ಅಲ್ವಾ?

ಯಾರ ಹತ್ತಿರ ಹೋಗಬೇಕು? ಧಾರವಾಡದ ಚಿತ್ರಕಲಾ ಕಾಲೇಜಿನಲ್ಲಿ ವಿಚಾರಿಸಿ. ಗದಗ ಹತ್ತಿರವಾದರೆ ಅಲ್ಲಿನ ಚಿತ್ರಕಲಾ ಶಾಲೆ ವಿಜಯ ಕಲಾ ಮಂದಿರದಲ್ಲಿ ಕೇಳಿ. ಕಲಾವಿದರು ಸಿಕ್ಕ ಮೇಲೆ, ಅವರು ಹಿಂದೆ ಬರೆದ ಮುಖ ಮತ್ತು ಅದರ ಮೂಲ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಒಂದೇ ಮುಖಕ್ಕೆ ಎ4 ಸಾಕು. ಇಬ್ಬರಿದ್ದರೆ ಎ3 ಹೇಳಿ. ಕಚ್ಚಾ ರೇಖೆ ಹಾಕಿದಾಗಲೇ ತೋರಿಸಲು ಕೇಳಿ. ಗಲ್ಲ, ಕಣ್ಣಿನ ಅಂತರ ಆಗ ತಿದ್ದಬಹುದು, ಶೇಡಿಂಗ್ ಆದ ಮೇಲೆ ಕಷ್ಟ. ಕೊನೆಗೆ ಫಿಕ್ಸೇಟಿವ್ (ಪೆನ್ಸಿಲ್ ಗೆರೆ ಅಳಿಸದಂತೆ ಹೊಡೆಯುವ ಸ್ಪ್ರೇ) ಹೊಡೆಸಿ, ಫ್ರೇಮ್ ಹಾಕಿಸುವಾಗ ಮೌಂಟ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ ಅಂಚು) ಹಾಕಿಸಿ. ಗಾಜು ಕಾಗದಕ್ಕೆ ತಾಗಬಾರದು.