ಕೇಳಿ ನೋಡಿ: ‘ಲೌಂಜ್ ಒಳಗೆ ಬಿಡ್ತಾರಾ ಸಾರ್?’

ಹೋದ ಸಂಚಿಕೆಯಲ್ಲಿ ಏರ್‌ಪೋರ್ಟ್ ಲೌಂಜ್ (ವಿಮಾನ ಹೊರಡುವವರೆಗೆ ಆರಾಮಾಗಿ ಕೂತು ತಿನ್ನುವ ಕೋಣೆ) ಬಗ್ಗೆ ಎರಡೇ ಸಾಲು ಬರೆದಿದ್ದೆ. ಬಂದ ಪತ್ರ ನೋಡಿದರೆ ಜನರಿಗೆ ವಿಮಾನಕ್ಕಿಂತ ಲೌಂಜ್ ಮೇಲೇ ಆಸೆ ಜಾಸ್ತಿ ಅನ್ನಿಸಿತು. ನೂಲಿನ ಗಿರಣಿಗಳಿಗೆ ಯಂತ್ರದ ಬಿಡಿಭಾಗ ಮಾರುವುದು ನನ್ನ ಕೆಲಸ. 19 ವರ್ಷದಿಂದ ಅದಕ್ಕಾಗಿಯೇ ದೇಶ ದೇಶ ಅಲೆಯುತ್ತಿದ್ದೇನೆ. ಅಷ್ಟೇ ನನ್ನ ಅರ್ಹತೆ.

ಪ್ರಶ್ನೆ: ಇಷ್ಟೊಂದು ಓಡಾಡುತ್ತೀರಲ್ಲ, ನಿಮಗೆ ಎಲ್ಲಕ್ಕಿಂತ ಇಷ್ಟವಾದ ಲೌಂಜ್ ಯಾವುದು? ಒಂದೇ ಹೆಸರು ಹೇಳಬೇಕು. – ಹಾಸನದ ಓದುಗಿ

ಇಸ್ತಾಂಬುಲ್. ಟರ್ಕಿಶ್ ಏರ್‌ಲೈನ್ಸ್‌ನವರ ಲೌಂಜ್. ಯೋಚನೆಯೇ ಮಾಡಬೇಕಿಲ್ಲ.

ಮೊದಲು ಇದು ಹಳೆಯ ಅತಾತುರ್ಕ್ ನಿಲ್ದಾಣದಲ್ಲಿತ್ತು. 2019ರ ಏಪ್ರಿಲ್‌ನಲ್ಲಿ ಎಲ್ಲವೂ ಹೊಸ ನಿಲ್ದಾಣಕ್ಕೆ ಹೋಯಿತು. ಹಳೆಯದರಲ್ಲಿ ಬಿಲಿಯರ್ಡ್ಸ್ ಮೇಜೆಲ್ಲ ಇತ್ತು, ನಾನು ಅದರ ಹತ್ತಿರವೂ ಹೋದವನಲ್ಲ. ನನಗೆ ಬೇಕಿದ್ದದ್ದು ಅಡುಗೆ ಕೌಂಟರ್. ಅಲ್ಲಿ ಒಬ್ಬಾಕೆ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಗೊಜ್ಲೆಮೆ ಲಟ್ಟಿಸುತ್ತಿದ್ದರು. ಲಟ್ಟಣಿಗೆ ನಮ್ಮದರ ಹಾಗೆ ದಪ್ಪ ಇಲ್ಲ, ಬೆರಳು ಗಾತ್ರದ ಉದ್ದ ಕೋಲು. ಹಾಳೆ ತೆಳ್ಳಗಾದ ಮೇಲೆ ಒಳಗೆ ಪಾಲಕ್ ಸೊಪ್ಪು, ಬಿಳಿ ಚೀಸ್ ಹಾಕಿ ಮಡಚಿ ಕಾದ ಕಾವಲಿಗೆ ಹಾಕಿದರು, ಅಂಚು ಕಂದು ಬಣ್ಣಕ್ಕೆ ತಿರುಗುವಾಗ ಅಂಗೈಯಲ್ಲಿ ಒಂದು ಸಲ ತಟ್ಟಿದರು, ನಮ್ಮಮ್ಮ ಹೋಳಿಗೆಗೆ ತಟ್ಟುತ್ತಿದ್ದ ಹಾಗೇ. ನಾನು ಸಸ್ಯಾಹಾರಿ ಅಂತ ಕೈಸನ್ನೆಯಲ್ಲಿ ಹೇಳಿದ್ದಕ್ಕೆ ನಕ್ಕು ಇನ್ನೊಂದು ತುಂಡು ಜಾಸ್ತಿಯೇ ಹಾಕಿದರು.

ಮೆರ್ಜಿಮೆಕ್ ಅಂತ ಒಂದು ಸೂಪು ಇದೆ. ಹೆಸರಿಗೆ ಹೆದರಬೇಡಿ. ಚನ್ನಂಗಿ ಬೇಳೆ ಬೇಯಿಸಿ, ನುಣ್ಣಗೆ ಕಡೆದು, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುವುದು. ನಮ್ಮ ತೊವ್ವೆಯೇ, ಒಗ್ಗರಣೆ ಒಂದು ಬೇರೆ. ಚಹಾ ಮಾತ್ರ ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಹಾಲು ಕೇಳಬೇಡಿ, ಪಾಪ ಅವರಿಗೆ ಅರ್ಥವಾಗುವುದಿಲ್ಲ.

ಆದರೆ ಊಟದ ಮಾತು ಇಷ್ಟು ಹೇಳಿದೆನಾದರೂ ನಾನು ಅದಕ್ಕೆ ನಂಬರ್ ಒಂದು ಕೊಟ್ಟಿರುವುದು ಸ್ನಾನಕ್ಕೆ. ಮುಂಬೈಯಿಂದ ರಾತ್ರಿಯೆಲ್ಲ ಕೂತೇ ಬಂದು, ಬೆನ್ನು ಹಲಗೆಯಾಗಿ, ಮುಂದಿನ ವಿಮಾನಕ್ಕೆ ನಾಲ್ಕು ಗಂಟೆ ಇರುವಾಗ ಬಿಸಿನೀರು ತಲೆ ಮೇಲೆ ಬೀಳುತ್ತಲ್ಲ, ಆಗ ಬೇರೇನೂ ಬೇಡ. ಲೌಂಜ್ ಅಂದರೆ ನನಗೆ ಸ್ನಾನ, ಒಂದು ಒಳ್ಳೆಯ ಕುರ್ಚಿ, ಮೊಬೈಲ್ ಚಾರ್ಜ್ ಮಾಡಲು ಒಂದು ಪ್ಲಗ್. ಉಳಿದದ್ದು ಸುಮ್ನೆ ಅಲಂಕಾರ.

ಒಂದು ಮಾತು. ಇದಕ್ಕೆ ಬ್ಯಾಂಕಿನ ಕಾರ್ಡ್ ತೋರಿಸಿ ಒಳಗೆ ಹೋಗುವುದು ಆಗುವುದಿಲ್ಲ. ಬಿಸಿನೆಸ್ ಕ್ಲಾಸ್ ಟಿಕೆಟ್ ಇರಬೇಕು, ಇಲ್ಲವೇ ಸ್ಟಾರ್ ಅಲಯನ್ಸ್ ಅನ್ನುವ ವಿಮಾನ ಕಂಪನಿಗಳ ಕೂಟದ ಗೋಲ್ಡ್ ಸದಸ್ಯತ್ವ ಇರಬೇಕು, ಅದು ಬಹಳ ಓಡಾಡುವವರಿಗೆ ಸಿಗುವುದು. ಏರ್ ಇಂಡಿಯಾ 2014ರಲ್ಲಿ ಆ ಕೂಟ ಸೇರಿತು, ನನ್ನ ಗೋಲ್ಡ್ ಬಂದಿರುವುದು ಅದರಿಂದಲೇ.

ಪ್ರಶ್ನೆ: ನನ್ನ ಕಾರ್ಡಿನಲ್ಲಿ ಲೌಂಜ್ ಉಚಿತ ಅಂತ ಬ್ಯಾಂಕಿನವರು ಹೇಳಿದ್ದರು. ಬೆಂಗಳೂರಿನಲ್ಲಿ ಸ್ವೈಪ್ ಮಾಡಿ ‘ಆಗಲ್ಲ ಸಾರ್’ ಅಂದರು. ಹೆಂಡತಿ ಮಕ್ಕಳ ಮುಂದೆ ಮರ್ಯಾದೆ ಹೋಯಿತು. ಯಾಕೆ ಹೀಗೆ? – ದಾವಣಗೆರೆಯ ಓದುಗ

ಆ ಮುಖಭಂಗ ನನಗೂ ಆಗಿದೆ ಸ್ವಾಮಿ, ಹಿಂದೆ ಹತ್ತು ಜನ ನಿಂತಿದ್ದರು.

ಉಚಿತ ಅನ್ನುವುದಕ್ಕೆ ಬಾಲ ಬೆಳೆದಿದೆ. ಕೆಲವು ವರ್ಷಗಳ ಹಿಂದೆ ಕಾರ್ಡ್ ಇದ್ದರೆ ಸಾಕಿತ್ತು. ಈಗ ಎಷ್ಟೋ ಬ್ಯಾಂಕುಗಳು ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಈ ಮೂರು ತಿಂಗಳಲ್ಲಿ ಒಳಗೆ ಬಿಡುತ್ತವೆ. ನೀವು ಕಾರ್ಡನ್ನು ಬೀರುವಿನಲ್ಲಿಟ್ಟು ಪ್ರಯಾಣದ ದಿನ ಮಾತ್ರ ಹೊರಗೆ ತೆಗೆದರೆ ಅದು ಬರೀ ಪ್ಲಾಸ್ಟಿಕ್. ಎರಡನೆಯದು, ಉಚಿತ ಇರುವುದು ಸಾಮಾನ್ಯವಾಗಿ ಕಾರ್ಡ್ ಯಾರ ಹೆಸರಲ್ಲಿದೆಯೋ ಅವರೊಬ್ಬರಿಗೆ. ನೀವು ಒಳಗೆ, ಹೆಂಡತಿ ಮಕ್ಕಳು ಹೊರಗೆ, ಹಾಗೆ ಮಾಡಿದರೆ ಮನೆಗೆ ಹೋದ ಮೇಲೆ ಅದರ ಲೆಕ್ಕ ಬೇರೆ. ಮೂರನೆಯದು, ದೇಶದೊಳಗಿನ ಪ್ರಯಾಣಕ್ಕೆ ಕೊಟ್ಟ ಸೌಲಭ್ಯ ವಿದೇಶ ಪ್ರಯಾಣದ ಲೌಂಜಿಗೆ ನಡೆಯದೇ ಇರಬಹುದು. ಸ್ವೈಪ್ ಮಾಡಿದಾಗ ಎರಡು ರೂಪಾಯಿ ಕಟ್ಟಾದರೆ ಗಾಬರಿ ಬೇಡ, ಕಾರ್ಡ್ ಅಸಲಿಯೋ ಅಂತ ನೋಡುವುದು ಅದು.

ಹಿಂದಿನ ರಾತ್ರಿ ಬ್ಯಾಂಕಿನ ಆ್ಯಪ್‌ನಲ್ಲಿ ಎಷ್ಟು ಸಲ ಬಾಕಿ ಇದೆ ನೋಡಿಕೊಳ್ಳಿ. ನಾಲ್ವರು ಇದ್ದರೆ ಲೌಂಜ್ ಮರೆತುಬಿಡಿ, ಮನೆಯಲ್ಲೇ ಚೆನ್ನಾಗಿ ತಿಂದು ಹೊರಡಿ.

ಪ್ರಶ್ನೆ: ಲೌಂಜಿನಲ್ಲಿ ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಬರಬಹುದಾ? – ಶಿರಸಿಯ ಓದುಗಿ

ಬೇಡ. (ಒಂದು ಬಾಳೆಹಣ್ಣು ನಾನೂ ತಂದಿದ್ದೇನೆ. ಯಾರಿಗೂ ಹೇಳಬೇಡಿ.)

ಪ್ರಶ್ನೆ: ಇದನ್ನೆಲ್ಲ ಶುರು ಮಾಡಿದವರು ಯಾರು? – ಬಳ್ಳಾರಿಯ ವಿದ್ಯಾರ್ಥಿ

ಅಮೆರಿಕನ್ ಏರ್‌ಲೈನ್ಸ್. 1939ರಲ್ಲಿ ನ್ಯೂಯಾರ್ಕಿನ ಲಗ್ವಾರ್ಡಿಯಾ ನಿಲ್ದಾಣದಲ್ಲಿ ‘ಅಡ್ಮಿರಲ್ಸ್ ಕ್ಲಬ್’ ಅಂತ ತೆರೆದರು. ಆಗ ದುಡ್ಡು ಕೊಟ್ಟರೂ ಪ್ರವೇಶ ಇರಲಿಲ್ಲ, ಕಂಪನಿಯವರೇ ಬೇಕಾದವರನ್ನು ಕರೆಯುತ್ತಿದ್ದರು. ಯಾವ ಕ್ಲಾಸಿನ ಟಿಕೆಟ್ ಆದರೂ ದುಡ್ಡು ಕೊಟ್ಟು ಬನ್ನಿ ಅನ್ನುವ ಲೌಂಜುಗಳು ಬೆಳೆದದ್ದು ಬಹಳ ತಡವಾಗಿ, ಪ್ಲಾಜಾ ಪ್ರೀಮಿಯಂ ಅನ್ನುವ ಕಂಪನಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ್ದು 1998ರಲ್ಲಿ.

ಪ್ರಶ್ನೆ: ನೀವು ನೋಡಬೇಕು ಅಂದುಕೊಂಡು ನೋಡಲಾಗದ ಲೌಂಜ್? – ಮಂಗಳೂರಿನ ಓದುಗ

ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾದವರು 2004ರಲ್ಲಿ ಫಸ್ಟ್ ಕ್ಲಾಸ್ ಪ್ರಯಾಣಿಕರಿಗೆ ಅಂತಲೇ ಬೇರೆ ಟರ್ಮಿನಲ್ ಕಟ್ಟಿದರು. ಅಲ್ಲಿಂದ ವಿಮಾನದ ಬಾಗಿಲಿಗೆ ಕಾರಿನಲ್ಲಿ ಬಿಡುತ್ತಾರೆ. ಸ್ನಾನದ ತೊಟ್ಟಿಗೆ ಒಂದು ರಬ್ಬರ್ ಬಾತುಕೋಳಿ ಕೊಡುತ್ತಾರೆ, ಅದನ್ನು ಕೂಡಿಸುವ ಹುಚ್ಚಿನವರೂ ಇದ್ದಾರೆ. ನಮ್ಮ ಗಿರಾಕಿಯೊಬ್ಬರು ಒಂದನ್ನು ನನಗೆ ತಂದುಕೊಟ್ಟರು. ಈಗ ಅದು ನಮ್ಮ ಮನೆಯ ಬಕೆಟ್ಟಿನಲ್ಲಿ ಮೊಮ್ಮಗಳ ಜತೆ ತೇಲುತ್ತಿದೆ.

ಪ್ರಶ್ನೆ: ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಅಕ್ಕನ ಮನೆಗೆ ಹೊರಟಿದ್ದಾರೆ. ಬೆಂಗಳೂರಿನಿಂದ ನಡುರಾತ್ರಿ ವಿಮಾನ, ದೋಹಾದಲ್ಲಿ ಆರು ಗಂಟೆ ಕಾಯಬೇಕು. ಲೌಂಜ್ ಮಾಡಿಸಿಕೊಡಲಾ? – ಮೈಸೂರಿನ ಓದುಗ

ಬೆಂಗಳೂರಿನಲ್ಲಿ ಮಾಡಿಸಿ. ಮೈಸೂರಿನಿಂದ ಹೊರಡುವವರು ದಾರಿಯ ಟ್ರಾಫಿಕ್ಕಿಗೆ ಹೆದರಿ ಸಂಜೆಯೇ ದೇವನಹಳ್ಳಿ ಮುಟ್ಟಿರುತ್ತಾರೆ, ಅಲ್ವಾ? 2023ರ ಸೆಪ್ಟೆಂಬರ್‌ನಿಂದ ವಿದೇಶ ಪ್ರಯಾಣವೆಲ್ಲ ಎರಡನೇ ಟರ್ಮಿನಲ್‌ನಲ್ಲಿ, ಆ ಬಿದಿರಿನ ಚಾವಣಿಯ ತೋಟದಂಥದ್ದು. ಅಲ್ಲಿನ ಲೌಂಜಿನ ಹೆಸರು ‘080’. ಬೆಂಗಳೂರಿನ ಎಸ್‌ಟಿಡಿ ಕೋಡು! ನಿಮ್ಮ ತಂದೆಯವರಿಗೆ ಹೇಳಿ, ಎಸ್‌ಟಿಡಿ ಬೂತಿನ ಕಾಲದವರಿಗೆ ಅದು ಕೂಡಲೇ ಅರ್ಥವಾಗುತ್ತದೆ. ಆದರೆ ಸೆಕ್ಯುರಿಟಿ, ಇಮಿಗ್ರೇಶನ್ ಎಲ್ಲ ಮುಗಿಸಿದ ಮೇಲೆಯೇ ಲೌಂಜ್ ಅನ್ನುವುದನ್ನು ಬರೆದುಕೊಡಿ. ಎರಡು ಮೂರು ಗಂಟೆಗಿಂತ ಹೆಚ್ಚು ಕೂರಲು ಎಷ್ಟೋ ಕಡೆ ಬಿಡುವುದಿಲ್ಲ, ಅದನ್ನೂ.

ದೋಹಾದಲ್ಲಿ ದುಡ್ಡು ದಂಡ ಮಾಡಬೇಡಿ. 2022ರಲ್ಲಿ ನಿಲ್ದಾಣದ ನಡುವೆ ಮರಗಿಡಗಳ ‘ಆರ್ಚರ್ಡ್’ ಮಾಡಿದ್ದಾರೆ. ಯಾರು ಬೇಕಾದರೂ ಕೂರಬಹುದು. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ವಿಶ್ರಾಂತಿ ಕೋಣೆಗಳಿವೆ, ಅದಕ್ಕೂ ದುಡ್ಡಿಲ್ಲ. ಅಪ್ಪ ಅಮ್ಮ ಬೇರೆ ಬೇರೆಯಾದರೆ ಎಲ್ಲಿ ಸೇರಬೇಕು ಅಂತ ಮೊದಲೇ ಹೇಳಿಬಿಡಿ: ಹಳದಿ ಕರಡಿ. ಏಳು ಮೀಟರ್ ಎತ್ತರ, ತಲೆಯೊಳಗೆ ದೀಪದ ಕಂಬ ಸಿಕ್ಕಿಸಿಕೊಂಡು ಕೂತಿದೆ. ಯಾವ ಭಾಷೆಯಲ್ಲಿ ಕೇಳಿದರೂ ದಾರಿ ತೋರಿಸುತ್ತಾರೆ.

ಪ್ರಶ್ನೆ: ಲೌಂಜಿನಲ್ಲಿ ಕೂತು ವಿಮಾನ ತಪ್ಪಿಸಿಕೊಂಡಿದ್ದೀರಾ? – ಬೆಂಗಳೂರಿನ ಓದುಗ

ಒಂದು ಸಲ. ಯಾವ ಊರು ಅಂತ ಕೇಳಬೇಡಿ, ತಪ್ಪು ನನ್ನದೇ. ಈಗ ಬಹಳ ಕಡೆ ಮೈಕಿನಲ್ಲಿ ಕೂಗುವುದಿಲ್ಲ, ಎಷ್ಟೋ ಲೌಂಜುಗಳಲ್ಲೂ ಇಲ್ಲ. ಸ್ನಾನ ಮಾಡಿದ್ದೆ, ಮೊಸರನ್ನ ತಿಂದಿದ್ದೆ, ಕುರ್ಚಿ ಹಿಂದಕ್ಕೆ ಬಾಗುತ್ತಿತ್ತು. ಐದು ನಿಮಿಷ ಅಂತ ಕಣ್ಣು ಮುಚ್ಚಿದೆ. ಕಾಲ ಬಳಿ ನೆಲ ಒರೆಸುವ ಹುಡುಗ ‘ಸರ್, ಕಾಲೆತ್ತಿ’ ಅಂದಾಗ ಎಚ್ಚರವಾಯಿತು. ಗೇಟಿಗೆ ಓಡಿದೆ. ಗಾಜಿನ ಆಚೆ ವಿಮಾನ ನಿಂತಿತ್ತು, ಬಾಗಿಲು ಹಾಕಿಯಾಗಿತ್ತು. ಕೈ ಬೀಸಿದರೆ ಬಸ್ಸಿನ ಹಾಗೆ ನಿಲ್ಲುತ್ತದೆಯೇ? ಅಂದಿನಿಂದ ಎರಡು ಅಲಾರಂ ಇಡುತ್ತೇನೆ, ಹೆಂಡತಿಗೆ ಫೋನ್ ಮಾಡಲೂ ಹೇಳಿರುತ್ತೇನೆ.

ಪ್ರಶ್ನೆ: ಲೌಂಜಿನಲ್ಲೇ ಬಿಡಾರ ಹೂಡಬಹುದಾ? – ತುಮಕೂರಿನ ಓದುಗ

2016ರಲ್ಲಿ ಒಬ್ಬ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ಹೂಡಿದ್ದ. ವಿಮಾನ ತಪ್ಪಿತಂತೆ, ನಕಲಿ ಬೋರ್ಡಿಂಗ್ ಪಾಸ್ ಮಾಡಿಕೊಂಡು ಒಂದಾದ ಮೇಲೊಂದು ಲೌಂಜ್ ಹೊಕ್ಕು 18 ದಿನ ಕಳೆದ. ಆಮೇಲೆ ಎರಡು ವಾರ ಜೈಲು. ಅಲ್ಲಿ ಬುಫೆ ಇರಲಿಲ್ಲ.

ಪ್ರಶ್ನೆ: ನನ್ನ ಹತ್ತಿರ ಗೋಲ್ಡೂ ಇಲ್ಲ, ಕ್ರೆಡಿಟ್ ಕಾರ್ಡೂ ಇಲ್ಲ. ನಮ್ಮಂಥವರು ಎಲ್ಲಿ ಕೂರಬೇಕು? – ಕೊಪ್ಪಳದ ಓದುಗ

ಅದೇ ಚಾಂಗಿಯಲ್ಲಿ ಕೂರಿ. ಇಡೀ ನಿಲ್ದಾಣವೇ ಲೌಂಜಿನ ಹಾಗಿದೆ. ಮೂರನೇ ಟರ್ಮಿನಲ್‌ನಲ್ಲಿ ಚಿಟ್ಟೆ ತೋಟ, ಪುಕ್ಕಟೆ ಸಿನಿಮಾ, ಬಣ್ಣದ ಮೀನಿನ ಕೊಳ. 2019ರಲ್ಲಿ ತೆರೆದ ‘ಜ್ಯುವೆಲ್’ನಲ್ಲಿ 40 ಮೀಟರ್ ಎತ್ತರದಿಂದ ನೀರು ಬೀಳುತ್ತದೆ. ಅದು ಇಮಿಗ್ರೇಶನ್ ಆಚೆ, ಒಳಗೆ ಹೋಗಲು ವೀಸಾ ಬೇಕು. ಆದರೆ ಟರ್ಮಿನಲ್‌ಗಳ ನಡುವೆ ಓಡುವ ಪುಟ್ಟ ರೈಲು ಅದರ ಪಕ್ಕದಲ್ಲೇ ಹೋಗುತ್ತದೆ, ಕಿಟಕಿಗೆ ಮುಖ ಒತ್ತಿ ನೋಡಿ, ದುಡ್ಡು ಕೇಳುವವರಿಲ್ಲ. ನಮ್ಮ ದೇಶದಲ್ಲೂ 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ತೆರೆದರು, ಚಹಾ 10 ರೂಪಾಯಿ, ಸಮೋಸ 20. ಇದು ಎಲ್ಲಾ ಊರಿಗೂ ಬರಬೇಕು, ನಾನಂತೂ ಲೌಂಜ್ ಬಿಟ್ಟು ಅಲ್ಲಿಗೇ ಹೋಗುತ್ತೇನೆ.

ನೀವು ಕೊಪ್ಪಳದವರು, ನಿಮಗೆ ಊಟದ ಚಿಂತೆ ಯಾಕ್ರೀ? ಕಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ, ಶೇಂಗಾ ಚಟ್ನಿ ಪುಡಿ ಒಂದು ಡಬ್ಬಿ. ನಮ್ಮ ಕಚೇರಿಯಲ್ಲಿ ಗದಗದ ಹುಡುಗನೊಬ್ಬ ಹಾಗೇ ತಂದಿದ್ದ. ಆ ಮೀನಿನ ಕೊಳದ ಪಕ್ಕ ಕೂತು ರೊಟ್ಟಿ ಮುರಿದ. ಆ ಸದ್ದಿಗೆ ಎದುರಿನ ಬೆಂಚಿನ ಅಜ್ಜಿ, ಯಾವ ದೇಶದವರೋ, ತಲೆ ಎತ್ತಿ ನೋಡಿದರು. ಇವನು ಒಂದು ತುಂಡಿಗೆ ಪುಡಿ ಉದುರಿಸಿ ಕೊಟ್ಟ. ಅಜ್ಜಿ ಕಚ್ಚಿದರು, ಕಣ್ಣಲ್ಲಿ ನೀರು ಬಂತು, ಬಾಟಲಿ ಎತ್ತಿ ಅರ್ಧ ಕುಡಿದರು. ಆಮೇಲೆ ಮತ್ತೆ ಕೈ ಚಾಚಿದರು.